ವಾಚಿನ ಬೆನ್ನು ಓದುವ ವಿದ್ಯೆ: ನೌಕಾಪಡೆಗಳ ಹಳೆಯ ಡೈವಿಂಗ್ ವಾಚು ಕೊಳ್ಳುವವರಿಗೆ

ಉಕ್ಕಿನ ಒಂದು ಮುಚ್ಚಳ. ಅದರ ಮೇಲೆ 0552 ಎಂಬ ಅಂಕಿ, ಪಕ್ಕದಲ್ಲಿ 923-7697, ಕೆಳಗೆ ಮೇಲ್ಮುಖವಾದ ಬಾಣದ ಗುರುತು, ಕೊನೆಗೆ 197/75 ಎಂಬಂಥ ಒಂದು ಭಿನ್ನರಾಶಿ. ಮುಂದುಗಡೆ ಡಯಲ್ ಮೇಲೆ ಯಾವ ಕಂಪನಿಯ ಹೆಸರಿದೆ ಎಂಬುದನ್ನು ಸದ್ಯ ಮರೆಯಿರಿ. ಬೆನ್ನನ್ನಷ್ಟೇ ಓದಿದರೆ ಇಷ್ಟು ತಿಳಿಯುತ್ತದೆ: ಬಾಣ ಎಂದರೆ ಬ್ರಿಟಿಷ್ ಸರ್ಕಾರದ ಆಸ್ತಿ, 0552 ಎಂದರೆ ರಾಯಲ್ ನೇವಿ, ಭಿನ್ನರಾಶಿ ಎಂದರೆ 1975ರಲ್ಲಿ ಲೆಕ್ಕಕ್ಕೆ ಸೇರಿದ 197ನೆಯ ವಾಚು. 923-7697 ಎಂಬುದು ದಾಸ್ತಾನು ಸಂಖ್ಯೆ. ಅದರ ಸ್ವಾರಸ್ಯವೇ ಬೇರೆ. ಇದೇ ಸಂಖ್ಯೆ 1960ರ ದಶಕದ ಒಮೆಗಾ ಸೀಮಾಸ್ಟರ್ 300ರ ಬೆನ್ನಿನ ಮೇಲೂ ಇದೆ, 1970ರ ದಶಕದ ರೋಲೆಕ್ಸ್ ಸಬ್‌ಮರೀನರ್ ಬೆನ್ನಿನ ಮೇಲೂ ಇದೆ. ಪಡಿತರ ಅಂಗಡಿಯವನ ಲೆಕ್ಕದಲ್ಲಿ ಅಕ್ಕಿ ಅಕ್ಕಿಯೇ. ಯಾವ ಗಿರಣಿಯದು ಎಂದು ಅವನು ಬರೆದುಕೊಳ್ಳುವುದಿಲ್ಲ. ಉಗ್ರಾಣದ ಗುಮಾಸ್ತನಿಗೂ ಅದು 'ಮುಳುಗುಗಾರರ ಕೈಗಡಿಯಾರ, ಒಂದು'. ಅಷ್ಟೇ.

ಈ ಹವ್ಯಾಸಕ್ಕೆ ಹೊಸಬರು ಎಡವುವುದು ಇಲ್ಲಿಯೇ. ಮುಖ ನೋಡಿ ಮರುಳಾಗುತ್ತಾರೆ. ಸೇನೆಯ ವಾಚು ಒಂದು ಉಪಕರಣ. ಸ್ಪ್ಯಾನರಿನ ಹಾಗೆ, ಕಂದೀಲಿನ ಹಾಗೆ. ಅದನ್ನು ಒಬ್ಬನಿಗೆ ಕೊಟ್ಟು, ವಾಪಸು ಪಡೆದು, ದುರಸ್ತಿ ಮಾಡಿ, ಇನ್ನೊಬ್ಬನಿಗೆ ಕೊಡುತ್ತಿದ್ದರು. ಮುಳ್ಳು ಹೋದರೆ ಇದ್ದ ಮುಳ್ಳು ಹಾಕುತ್ತಿದ್ದರು. ಆದ್ದರಿಂದ 'ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ' ಎಂಬುದು ಇಲ್ಲಿ ಅಸಲಿತನದ ಏಕೈಕ ಅಳತೆಗೋಲು ಆಗಲಾರದು. ನೌಕಾಪಡೆಯ ಕಾರ್ಯಾಗಾರದಲ್ಲಿ ಬದಲಾದ ಡಯಲ್ ಆ ವಾಚಿನ ಚರಿತ್ರೆ. ಕಳೆದ ವರ್ಷ ಮಾರಾಟಗಾರನೊಬ್ಬ ಬಳಿದ ಡಯಲ್ ಮೋಸ. ಎರಡೂ ಬದಲಾವಣೆಗಳೇ. ಅವುಗಳ ನಡುವಿನ ವ್ಯತ್ಯಾಸ ಹಿಡಿಯುವುದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು. ನಿಮಗೆ ಅಷ್ಟು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು, 'ಮಿಲಿಟರಿ' ಎಂಬ ಮಾತನ್ನು ಬಿಡಿಸಿಕೊಳ್ಳಿ

ಜಾಹೀರಾತುಗಳಲ್ಲಿ ಈ ಒಂದು ಪದ ಮೂರು ಬೇರೆ ಬೇರೆ ಸರಕುಗಳನ್ನು ಹೊತ್ತು ಮಾರುತ್ತದೆ. ಸೇನೆಯೇ ಕೊಂಡು, ಗುರುತು ಹಾಕಿ, ಸಿಬ್ಬಂದಿಗೆ ಹಂಚಿದ ವಾಚು ಒಂದು. ಸೈನಿಕನೇ ತನ್ನ ಸಂಬಳದಲ್ಲಿ ಕೊಂಡು ಕಟ್ಟಿಕೊಂಡದ್ದು ಇನ್ನೊಂದು. ಸೇನೆಯ ಮುಖವನ್ನೇ ಕಾಣದೆ, ಹಾಗೆ ತೋರುವಂತೆ ತಯಾರಾದದ್ದು ಮತ್ತೊಂದು. ವಿಯೆಟ್ನಾಂ ಯುದ್ಧದಲ್ಲಿ ಅನೇಕ ಅಮೆರಿಕನ್ ಸೈನಿಕರ ಕೈಯಲ್ಲಿದ್ದ ಸೀಕೊ 6105 ಎರಡನೆಯ ಬಗೆಯದು; ಅದನ್ನು ಅವರು ಸೇನಾ ನೆಲೆಗಳ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಪಡೆದದ್ದು. ಕೊಡಗಿನ ಮನೆಯೊಂದರಲ್ಲಿ ಅಜ್ಜ ಮಿಲಿಟರಿ ಕ್ಯಾಂಟೀನಿನಲ್ಲಿ ಕೊಂಡ ವಾಚು ಪೆಟ್ಟಿಗೆಯಲ್ಲಿ ಇದ್ದರೆ ಅದೂ ಹೀಗೆಯೇ. ಅದು ಸೈನಿಕನ ವಾಚು, ಸೇನೆಯ ವಾಚಲ್ಲ. ಹಾಗೆಂದು ಅದು ಕಡಿಮೆಯದೇನೂ ಅಲ್ಲ; ಅಜ್ಜನ ಫೋಟೊ, ಸೇವಾ ಪುಸ್ತಕ ಜೊತೆಗಿದ್ದರೆ ನನ್ನ ಮಟ್ಟಿಗೆ ಅದು ಹರಾಜಿನ ಎಷ್ಟೋ ಸರಕಿಗಿಂತ ಮೇಲು. ಆದರೆ ಬೆಲೆ ಬೇರೆ, ಹುಡುಕಾಟದ ದಾರಿ ಬೇರೆ.

ಒಂದು ದೇಶ ಹಿಡಿಯಿರಿ, ಅಲ್ಲೇ ನಿಲ್ಲಿ

ಎಲ್ಲ ನೌಕಾಪಡೆಗಳ ವಾಚು ಸೇರಿಸುತ್ತೇನೆ ಎಂದು ಹೊರಟವರು ಕೊನೆಗೆ ಯಾವುದನ್ನೂ ಅರಿಯದೆ ಉಳಿಯುತ್ತಾರೆ. ಪ್ರತಿ ದೇಶದ್ದೂ ಒಂದೊಂದು ಭಾಷೆ.

ಇಟಲಿಯ ಕಥೆ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ದುಬಾರಿಯದು. ಫ್ಲಾರೆನ್ಸಿನ ಪನೆರಾಯಿ ಸಂಸ್ಥೆ ರೇಡಿಯಂ ಬೆರೆಸಿದ ಹೊಳೆಯುವ ಬಣ್ಣಕ್ಕೆ 1916ರಲ್ಲೇ ಪೇಟೆಂಟ್ ಪಡೆದಿತ್ತು; 1936ರಲ್ಲಿ ಇಟಲಿಯ ನೌಕಾಪಡೆಗಾಗಿ ವಾಚಿನ ಮೊದಲ ಮಾದರಿಗಳನ್ನು ಸಿದ್ಧಪಡಿಸಿತು. ಆ ಕಾಲದ 3646 ಎಂಬ ಮಾದರಿಯ 47 ಮಿಲಿಮೀಟರಿನ ಉಕ್ಕಿನ ಗೂಡು ಮಾಡಿಕೊಟ್ಟದ್ದು ರೋಲೆಕ್ಸ್. 1941ರ ಡಿಸೆಂಬರಿನಲ್ಲಿ ಆರು ಜನ ಇಟಾಲಿಯನ್ನರು ಟಾರ್ಪಿಡೊಗಳ ಮೇಲೆ ಸವಾರಿ ಮಾಡಿಕೊಂಡು ಅಲೆಕ್ಸಾಂಡ್ರಿಯ ಬಂದರಿನೊಳಗೆ ನುಗ್ಗಿ, ಬ್ರಿಟನ್ನಿನ ಎರಡು ಯುದ್ಧನೌಕೆಗಳಿಗೆ ಸ್ಫೋಟಕ ಕಟ್ಟಿದರಲ್ಲ, ಆ ಪಡೆಯ ವಾಚುಗಳಿವು. ಇದರಲ್ಲಿ ನಕಲಿ ಎಷ್ಟಿದೆಯೆಂದರೆ ಹೊಸಬರು ದೂರದಿಂದ ಕೈಮುಗಿದು ಮುಂದೆ ಹೋಗುವುದು ಮೇಲು.

ಫ್ರಾನ್ಸಿನದು ನನಗೆ ಪ್ರಿಯವಾದ ಅಧ್ಯಾಯ. ರಾಬರ್ಟ್ ಮಾಲೂಬಿಯೆ, ಕ್ಲೋದ್ ರಿಫೊ ಎಂಬ ಇಬ್ಬರು ಅಧಿಕಾರಿಗಳು ಹೊಸದಾಗಿ ಕಟ್ಟುತ್ತಿದ್ದ ಯುದ್ಧ ಈಜುಗಾರರ ಪಡೆಗೆ ವಾಚು ಹುಡುಕುತ್ತ ಹೊರಟರು. ಲಿಪ್ ಎಂಬ ಫ್ರೆಂಚ್ ಕಂಪನಿ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಬ್ಲಾಂಕ್‌ಪೇನ್ ಕಂಪನಿಯ ಮುಖ್ಯಸ್ಥ ಜಾನ್ ಜಾಕ್ ಫೀಷ್ತೆ ತಾನೇ ನೀರಿಗಿಳಿಯುವ ಹುಚ್ಚಿನವನು, ಅವನಿಗೆ ಅರ್ಥವಾಯಿತು. 1953ರಲ್ಲಿ ಫಿಫ್ಟಿ ಫ್ಯಾದಮ್ಸ್ ಬಂತು. ಐವತ್ತು ಮಾರು, ಅಂದರೆ ಸುಮಾರು 91 ಮೀಟರ್. ಮುಂದೆ ಫ್ರೆಂಚ್ ನೌಕಾಪಡೆ ಟ್ಯೂಡರ್ ಸಬ್‌ಮರೀನರ್ ಕೊಳ್ಳತೊಡಗಿತು. ತೂಲೋನಿನಲ್ಲಿದ್ದ ನೀರಡಿಯ ಸಂಶೋಧನೆಯ ತಂಡ 1956ರಲ್ಲಿ ಅವನ್ನು ಪರೀಕ್ಷಿಸಿತ್ತು. ಇವುಗಳ ಬೆನ್ನಿನ ಮೇಲೆ ನೌಕಾಪಡೆ ಎಂ.ಎನ್. (ಮರೀನ್ ನಾಸಿಯೊನಾಲ್, ಅಂದರೆ ಫ್ರೆಂಚ್ ನೌಕಾಪಡೆ) ಎಂಬ ಎರಡಕ್ಷರ ಮತ್ತು ವರ್ಷದ ಕೊನೆಯ ಎರಡಂಕಿ ಕೆತ್ತಿಸುತ್ತಿತ್ತು: ಎಂ.ಎನ್. 74, ಎಂ.ಎನ್. 77 ಎಂಬ ಹಾಗೆ. ಪಟ್ಟಿ ಇಲ್ಲದೆ ಬರುತ್ತಿದ್ದ ವಾಚಿಗೆ ಮುಳುಗುಗಾರರು ಪ್ಯಾರಾಚೂಟಿನ ಎಲಾಸ್ಟಿಕ್ ಕತ್ತರಿಸಿ ತಾವೇ ಪಟ್ಟಿ ಹೊಲಿದುಕೊಳ್ಳುತ್ತಿದ್ದರು. ಅಂಥ ಮಾಸಿದ ಎಲಾಸ್ಟಿಕ್ ಪಟ್ಟಿ ಜೊತೆಗೆ ಬಂದರೆ ಎಸೆಯಬೇಡಿ.

ಅಮೆರಿಕದ ನೌಕಾಪಡೆಯ ಪರೀಕ್ಷಾ ಘಟಕ 1950ರ ದಶಕದ ಕೊನೆಯಲ್ಲಿ ಬ್ಲಾಂಕ್‌ಪೇನ್, ರೋಲೆಕ್ಸ್, ಎನಿಕಾರ್ ಮೂರನ್ನೂ ನೀರಿಗೆ ಹಾಕಿ ನೋಡಿತು. ಬ್ಲಾಂಕ್‌ಪೇನ್ ಮೆಚ್ಚುಗೆಯಾಯಿತು, ಆದರೆ ಸ್ವದೇಶಿ ಸರಕಿಗೆ ಆದ್ಯತೆ ಕೊಡುವ ಕಾನೂನು ಅಡ್ಡಬಂತು. ಆಮದುದಾರ ಅಲೆನ್ ಟಾರ್ನೆಕ್ ತನ್ನ ಹೆಸರನ್ನೇ ಡಯಲ್ ಮೇಲೆ ಹಾಕಿಸಿ ಸರಬರಾಜು ಮಾಡಿದ. ಅದೇ ಟಾರ್ನೆಕ್-ರೇವಿಲ್ ಟಿಆರ್-900. ಒಟ್ಟು ಸುಮಾರು ಸಾವಿರ. ಬೆನ್ನಿನ ಮೇಲೆ ವಿಕಿರಣದ ಎಚ್ಚರಿಕೆ, ಸಿಕ್ಕಿದವರು ಹತ್ತಿರದ ಸೇನಾ ನೆಲೆಗೆ ತಂದೊಪ್ಪಿಸಬೇಕೆಂಬ ಸೂಚನೆ. ವಿಕಿರಣ ತ್ಯಾಜ್ಯವೆಂದು ಬಹಳಷ್ಟನ್ನು ನಾಶ ಮಾಡಿದ್ದರಿಂದ ಉಳಿದವುಗಳ ಬೆಲೆ ಕೇಳಬೇಡಿ. ಆಮೇಲೆ 1970ರ ದಶಕದಲ್ಲಿ ಬಂದ ಬೆನ್ರಸ್ ಟೈಪ್ 1, ಟೈಪ್ 2 ವಾಚುಗಳು ಕೈಗೆಟುಕಬಹುದಾದವು: ಹಿಂದಿನ ಮುಚ್ಚಳವೇ ಇಲ್ಲದ ಒಂದೇ ತುಂಡಿನ ಗೂಡು, ಬೆನ್ನಿನ ಮೇಲೆ ಮಿಲ್-ಡಬ್ಲ್ಯೂ-50717 ಎಂಬ ಮಾನಕ ಸಂಖ್ಯೆ, ತಯಾರಾದ ತಿಂಗಳು, ವರ್ಷ.

ಕಡಿಮೆ ಹಣದಲ್ಲಿ ಶುರು ಮಾಡುವವರಿಗೆ ಎರಡು ದಾರಿ. ಒಂದು, ಬ್ರಿಟನ್ನಿನ ಸಿಡಬ್ಲ್ಯೂಸಿ (ಕ್ಯಾಬಟ್ ವಾಚ್ ಕಂಪನಿ). 1980ರಿಂದ ಅಲ್ಲಿನ ಮುಳುಗುಗಾರರಿಗೆ ರೋಲೆಕ್ಸ್ ಬದಲಿಗೆ ಬಂದ ವಾಚು, ಕೆಲವೇ ವರ್ಷಗಳಲ್ಲಿ ಕ್ವಾರ್ಟ್ಜ್ ಆಯಿತು. ಇನ್ನೊಂದು, ಸೋವಿಯತ್ ಒಕ್ಕೂಟದ ಚಿಸ್ತೋಪೋಲ್ ಊರಿನ ವೋಸ್ತೋಕ್ ಕಾರ್ಖಾನೆಯ ಆಂಫಿಬಿಯ, 1967ರಿಂದ. 200 ಮೀಟರ್ ಆಳಕ್ಕೆ ಮಾಡಿದ ಈ ವಾಚಿನ ಉಪಾಯ ಜಾಣತನದ್ದು: ಆಳಕ್ಕೆ ಹೋದಷ್ಟೂ ನೀರಿನ ಒತ್ತಡವೇ ಹಿಂದಿನ ಮುಚ್ಚಳವನ್ನು ದಪ್ಪ ರಬ್ಬರಿನ ಮೇಲೆ ಅದುಮಿ ಬಿಗಿ ಮಾಡುತ್ತದೆ. ಕೆಲವು ವೋಸ್ತೋಕ್ ಡಯಲ್‌ಗಳ ಮೇಲೆ ರಕ್ಷಣಾ ಸಚಿವಾಲಯದ ಆದೇಶದಂತೆ ಮಾಡಿದ್ದು ಎಂದು ರಷ್ಯನ್ ಲಿಪಿಯಲ್ಲಿ ಇರುತ್ತದೆ. ಅದನ್ನು ಕಂಡ ಕೂಡಲೇ ಹಿಗ್ಗಬೇಡಿ. ಸೋವಿಯತ್ ಕಾಲದ ಕೊನೆಯಲ್ಲಿ ಆ ಬರಹದ ವಾಚುಗಳು ಪೇಟೆಗೂ ಧಾರಾಳವಾಗಿ ಬಂದವು. ಬದಿಯ ಕೀಲಿಯ ಮೇಲೆ ಸರಪಳಿ ಕಟ್ಟಿದ ಮುಚ್ಚಳವಿರುವ ದೈತ್ಯ ಗಾತ್ರದ ಜ್ಲಾತೌಸ್ತ್ ವಾಚಂತೂ ಇಂದಿಗೂ ಹೊಸದಾಗಿ ಹುಟ್ಟುತ್ತಲೇ ಇದೆ. ನನ್ನ ಮೊದಲ 'ನೌಕಾಪಡೆಯ ವಾಚು' ಅದೇ. ನಾಲ್ಕು ತಿಂಗಳು ಎಲ್ಲರಿಗೂ ತೋರಿಸಿಕೊಂಡು ತಿರುಗಿದ ಮೇಲೆ ತಿಳಿದದ್ದು, ಅದರ ವಯಸ್ಸು ನನ್ನ ಸ್ಕೂಟರಿನ ವಯಸ್ಸಿಗಿಂತ ಕಡಿಮೆ ಎಂದು.

ಕಣ್ಣನ್ನು ಎಚ್‌ಎಂಟಿಯ ಮೇಲೆ ಪಳಗಿಸಿ

ಲಕ್ಷಗಟ್ಟಲೆ ಹಣ ಸುರಿಯುವ ಮೊದಲು ನೂರರ ಲೆಕ್ಕದಲ್ಲಿ ಮೋಸ ಹೋಗಿ ಕಲಿಯಬಹುದಾದ ಒಂದು ಶಾಲೆ ನಮ್ಮಲ್ಲೇ ಇದೆ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ವಾಚು ಮಾಡಲು ತೊಡಗಿತು. ಆ ಹಳೆಯ ವಾಚುಗಳ ಡಯಲ್ ಉಜ್ಜಿ, ಕಣ್ಣು ಕುಕ್ಕುವ ಹೊಸ ಬಣ್ಣ ಬಳಿದು, ಇಲ್ಲದ ಹೆಸರು, ಇಲ್ಲದ ಚಿಹ್ನೆ ಅಚ್ಚು ಹಾಕಿ ಮಾರುವ ದಂಧೆ ದೇಶದ ತುಂಬ ಇದೆ. ಹೊರದೇಶದ ಸಂಗ್ರಾಹಕರು ಅವಕ್ಕೆ 'ಮುಂಬಯಿ ಸ್ಪೆಷಲ್' ಎಂದು ಅಡ್ಡಹೆಸರಿಟ್ಟಿದ್ದಾರೆ. ಅಂಥದ್ದೊಂದನ್ನೂ ಮನೆಯಲ್ಲಿ ಹಿರಿಯರು ಕಟ್ಟಿದ, ಯಾರೂ ಮುಟ್ಟದ ಎಚ್‌ಎಂಟಿಯೊಂದನ್ನೂ ಪಕ್ಕಪಕ್ಕ ಇಟ್ಟು, ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಒಂದು ವಾರ ನೋಡಿ. ಅಸಲಿ ಅಚ್ಚಿನ ಅಕ್ಷರದ ಅಂಚು ಚೂಪು. ಬಳಿದದ್ದರ ಅಂಚು ಶಾಯಿ ಹೀರಿದ ಕಾಗದದ ಹಾಗೆ ಹರಡಿರುತ್ತದೆ. ಅಸಲಿಯಲ್ಲಿ ನಿಮಿಷದ ಗೆರೆ ಡಯಲ್ಲಿನ ಅಂಚಿಗೆ ಸರಿಯಾಗಿ ಕೂರುತ್ತದೆ; ಬಳಿದದ್ದರಲ್ಲಿ ಒಂದು ಬದಿ ಒಳಗೆ, ಇನ್ನೊಂದು ಬದಿ ಹೊರಗೆ. ಬೆಂಗಳೂರಿನವರಾದರೆ ಜಾಲಹಳ್ಳಿಯ ಎಚ್‌ಎಂಟಿ ಪರಂಪರೆ ಕೇಂದ್ರದಲ್ಲಿ ಅರ್ಧ ದಿನ ಕಳೆಯಿರಿ. ಅಲ್ಲಿ ಡೈವಿಂಗ್ ವಾಚು ನೋಡಲು ಹೋಗುವುದಲ್ಲ. ಒಂದು ಕಾರ್ಖಾನೆಯ ಕೈ ಹೇಗೆ ಒಂದೇ ಸಮನಾಗಿ ನಡೆಯುತ್ತದೆ ಎಂಬುದನ್ನು ಕಣ್ಣಿಗೆ ರೂಢಿ ಮಾಡಿಸಲು.

ಈಗ ಬೆನ್ನು

ಬ್ರಿಟಿಷ್ ವಾಚಿನಲ್ಲಿ 0552 ನೌಕಾಪಡೆ, ಡಬ್ಲ್ಯೂ 10 ಭೂಸೇನೆ, 6ಬಿ ವಾಯುಪಡೆ. ನ್ಯಾಟೊ ಪದ್ಧತಿಯ ಪೂರ್ಣ ದಾಸ್ತಾನು ಸಂಖ್ಯೆಯಲ್ಲಿ ಹದಿಮೂರು ಅಂಕಿ. ಮೊದಲ ನಾಲ್ಕು 6645 ಇದ್ದರೆ ಅದು ಕಾಲ ಅಳೆಯುವ ಸಾಧನ. ಮುಂದಿನ ಎರಡು ದೇಶದವು: 99 ಬ್ರಿಟನ್, 12 ಜರ್ಮನಿ, 14 ಫ್ರಾನ್ಸ್, 15 ಇಟಲಿ, 66 ಆಸ್ಟ್ರೇಲಿಯ, 00 ಅಥವಾ 01 ಅಮೆರಿಕ. ಉಳಿದ ಏಳು ಆ ವಸ್ತುವಿನವು. ಇದನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಜಾಹೀರಾತುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಜರ್ಮನ್ ನೌಕಾಪಡೆಯ ವಾಚು ಎನ್ನುತ್ತಾರೆ, ನೋಡಿದರೆ 99 ಇರುತ್ತದೆ.

ಅಂಕಿ ಸರಿಯಿದೆ ಎಂದ ಮಾತ್ರಕ್ಕೆ ಕೆತ್ತನೆ ಹಳೆಯದೆಂದಲ್ಲ. ಅಂಕಿಯನ್ನು ಯಾರು ಬೇಕಾದರೂ ಪುಸ್ತಕ ನೋಡಿ ಕೆತ್ತಬಹುದು. ಇಲ್ಲಿ ಗೀರುಗಳನ್ನು ಓದಬೇಕು. ಮುಚ್ಚಳವನ್ನು ಓರೆ ಬೆಳಕಿನಲ್ಲಿ ಹಿಡಿದು ಯಾವುದಾದರೂ ಉದ್ದನೆಯ ಹಳೆಯ ಗೀರನ್ನು ಹಿಂಬಾಲಿಸಿ. ಕೆತ್ತನೆ ಹಳೆಯದಾದರೆ ಗೀರು ಬಂದು ಅಕ್ಷರದ ಅಂಚನ್ನು ಜಜ್ಜಿ, ಆಚೆ ದಡದಲ್ಲಿ ಮುಂದುವರಿಯುತ್ತದೆ. ಅಂಚಿನ ಮೇಲೆ ಆ ಪೆಟ್ಟಿನ ಗುರುತು ಉಳಿದಿರುತ್ತದೆ. ಕೆತ್ತನೆ ಹೊಸದಾದರೆ ಅಕ್ಷರವೇ ಗೀರನ್ನು ಕತ್ತರಿಸಿರುತ್ತದೆ. ಅಂಚು ನಿನ್ನೆಯ ಬ್ಲೇಡಿನ ಹಾಗೆ ನಿಚ್ಚಳ. ಐವತ್ತು ವರ್ಷ ಬೆವರು, ಉಪ್ಪು, ಚರ್ಮ ತಾಗಿದ ಅಕ್ಷರಗಳು ದೇವಸ್ಥಾನದ ಮೆಟ್ಟಿಲಿನ ಹೆಸರುಗಳಂತೆ ಅಂಚು ಸವೆದು ದುಂಡಗಾಗಿರುತ್ತವೆ. ಸುತ್ತಲಿನ ಗೂಡು ಜರ್ಝರಿತವಾಗಿದ್ದು ಅಕ್ಷರ ಮಾತ್ರ ಗರಿಗರಿಯಾಗಿದ್ದರೆ ಮಾತು ಅಲ್ಲಿಗೆ ಮುಗಿಸಿ. ಲೇಸರಿನ ಕೆತ್ತನೆಯಾದರೆ ತಳ ಒಂದೇ ಆಳ, ಒಂದೇ ಕಪ್ಪು.

ಫ್ರೆಂಚ್ ಟ್ಯೂಡರ್‌ಗಳ ಕೆತ್ತನೆ ಎಲ್ಲವೂ ಒಂದೇ ಅಂದದಲ್ಲಿ ಇರುವುದಿಲ್ಲ. ಆದ್ದರಿಂದ ಅಕ್ಷರದ ಚೆಲುವು ನೋಡಿ ತೀರ್ಮಾನಿಸಬೇಡಿ. ಅದೇ ವರ್ಷದ ನಾಲ್ಕಾರು ವಾಚುಗಳ ಚಿತ್ರ ಸೇರಿಸಿ ಹೋಲಿಸಿ. ಹರಾಜು ಸಂಸ್ಥೆಗಳ ಹಳೆಯ ಕ್ಯಾಟಲಾಗುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳ ಚಿತ್ರ ದೊಡ್ಡದು, ಸ್ಪಷ್ಟ.

ಆಮೇಲೆ ಮುಖ, ಭುಜ

ಪಟ್ಟಿ ಸಿಕ್ಕಿಸುವ ಕಡ್ಡಿಗಳಿಂದ ಶುರು ಮಾಡಿ. ಬ್ರಿಟಿಷ್ ಡೈವಿಂಗ್ ವಾಚುಗಳಲ್ಲಿ ಅವು ಸ್ಪ್ರಿಂಗಿನವಲ್ಲ, ಗೂಡಿಗೇ ಬೆಸುಗೆ ಹಾಕಿದ ಗಟ್ಟಿ ಕಡ್ಡಿಗಳು. ನೀರಡಿಯಲ್ಲಿ ಸ್ಪ್ರಿಂಗ್ ಕಡ್ಡಿ ಹಾರಿದರೆ ವಾಚು ತಳ ಸೇರುತ್ತದೆ. ಕಡ್ಡಿ ಕದಲದ ಕಾರಣ ಅದರಡಿ ತೂರಿಸುವ ಒಂದೇ ತುಂಡಿನ ನೈಲಾನ್ ಪಟ್ಟಿ ಬೇಕಾಯಿತು. ಇಂದು ಮಾಲ್‌ಗಳಲ್ಲಿ ಮಾರುವ 'ನ್ಯಾಟೊ ಪಟ್ಟಿ'ಯ ಮೂಲ ಬ್ರಿಟನ್ ರಕ್ಷಣಾ ಸಚಿವಾಲಯ 1973ರಲ್ಲಿ ನಿಗದಿಪಡಿಸಿದ ಪಟ್ಟಿಯೇ. ಅದನ್ನು ಪಡೆಯಲು ತುಂಬಬೇಕಿದ್ದ ಅರ್ಜಿ ನಮೂನೆಯ ಹೆಸರು ಜಿ 1098, ಚುಟುಕಾಗಿ ಜಿ 10. ಪಟ್ಟಿಗೂ ಆ ಹೆಸರೇ ಅಂಟಿತು. ಸೇನೆಯಿಂದ ಹೊರಬಿದ್ದ ಮೇಲೆ ಎಷ್ಟೋ ವಾಚುಗಳ ಕಡ್ಡಿ ಕತ್ತರಿಸಿ ಉಕ್ಕಿನ ಸರಪಳಿ ಹಾಕಿದರು. ಬೆಲೆ ಏರಿದ ಮೇಲೆ ಮತ್ತೆ ಕಡ್ಡಿ ಬೆಸೆದರು. ಬೆಸುಗೆಯ ಬುಡ ನೋಡಿ. ಕಡ್ಡಿ ಹೊಸದಾಗಿ ಹೊಳೆಯುತ್ತ ಸುತ್ತಲ ಲೋಹ ಮಾಸಿದ್ದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು.

ರೋಲೆಕ್ಸಿನ ಬ್ರಿಟಿಷ್ ಸಬ್‌ಮರೀನರ್ (5513, 5517 ಮಾದರಿಗಳು, 1970ರ ದಶಕದಲ್ಲಿ ಒಟ್ಟು ಸುಮಾರು 1,200) ಸಾಮಾನ್ಯ ಪೇಟೆಯ ಮಾದರಿಗಿಂತ ಬೇರೆಯಾಗುವುದು ಕತ್ತಿಯಾಕಾರದ ಮುಳ್ಳುಗಳಿಂದ, ಅರುವತ್ತೂ ನಿಮಿಷಕ್ಕೆ ಗೆರೆಯಿರುವ ತಿರುಗುವ ಬಳೆಯಿಂದ, ಡಯಲ್ ಮೇಲಿನ ವೃತ್ತದೊಳಗಿನ ಟಿ ಅಕ್ಷರದಿಂದ. ಆ ಟಿ ಹೊಳೆಯುವ ಬಣ್ಣದಲ್ಲಿ ಬೆರೆಸಿದ ಟ್ರಿಟಿಯಂ ಎಂಬ ವಿಕಿರಣ ವಸ್ತುವಿನ ಗುರುತು. ಇಂಥ ವಾಚು ಇಂದು ಕೋಟಿ ರೂಪಾಯಿ ಮುಟ್ಟುತ್ತದೆ, ದಾಟುತ್ತದೆ. ಆದ್ದರಿಂದ ಪೇಟೆಯ 5513 ಕೊಂಡು 'ಸೇನೆಗೆ ಸೇರಿಸುವ' ಕೆಲಸ ಬಹಳ ಲಾಭದ್ದು.

ಹೊಳೆಯುವ ಬಣ್ಣವೇ ಒಂದು ಪಂಚಾಂಗ. ರೇಡಿಯಂನ ಅರ್ಧಾಯುಷ್ಯ (ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) 1,600 ವರ್ಷ, ಟ್ರಿಟಿಯಂನದು 12.3 ವರ್ಷ, ಟಾರ್ನೆಕ್‌ನಲ್ಲಿದ್ದ ಪ್ರೊಮೀಥಿಯಂನದು ಎರಡೂವರೆ ವರ್ಷಕ್ಕಿಂತ ತುಸು ಹೆಚ್ಚು. 1967ರ ಒಮೆಗಾದಲ್ಲಿ ಇಂದು ಉಳಿದಿರುವ ಟ್ರಿಟಿಯಂ ನೂರಕ್ಕೆ ಸುಮಾರು ನಾಲ್ಕು ಪಾಲು. ಅದು ರಾತ್ರಿಯಿಡೀ ಬೆಳಗುತ್ತದೆ ಎಂದರೆ ಬಣ್ಣ 1990ರ ದಶಕದ ಈಚಿನದು. ನೇರಳಾತೀತ ಟಾರ್ಚು ಬಿಟ್ಟು ಆರಿಸಿದಾಗ ಹಳೆಯ ಟ್ರಿಟಿಯಂ ಬಣ್ಣ ಮಂಕಾಗಿ ಮಿನುಗಿ ಕೆಲವೇ ಕ್ಷಣಗಳಲ್ಲಿ ಸಾಯುತ್ತದೆ. ಡಯಲ್ ಮೇಲಿನ ಚುಕ್ಕೆಗಳೂ ಮುಳ್ಳುಗಳೂ ಬೇರೆ ಬೇರೆಯಾಗಿ ಮಿನುಗಿದರೆ ಅವು ಬೇರೆ ಬೇರೆ ಕಾಲದವು. ಆಗ ಮೊದಲು ಹೇಳಿದ ಪ್ರಶ್ನೆ ಬರುತ್ತದೆ: ಬದಲಿಸಿದವರು ಯಾರು, ನೌಕಾಪಡೆಯೋ ಅಂಗಡಿಯವನೋ?

ಒಂದು ಎಚ್ಚರಿಕೆಯನ್ನು ಮಾತ್ರ ಹಾಸ್ಯವಿಲ್ಲದೆ ಹೇಳುತ್ತೇನೆ. ರೇಡಿಯಂ ಬಣ್ಣ ಈಗ ಕತ್ತಲಲ್ಲಿ ಹೊಳೆಯದಿರಬಹುದು. ಅದರಲ್ಲಿ ಹೊಳೆಯುವ ಪುಡಿ ಸುಟ್ಟುಹೋಗಿದೆ, ರೇಡಿಯಂ ಹಾಗೆಯೇ ಇದೆ. ಗಾಜು ಒಡೆದ ಅಥವಾ ಬಣ್ಣ ಉದುರುತ್ತಿರುವ ಅಂಥ ವಾಚನ್ನು ಮನೆಯಲ್ಲಿ ಬಿಚ್ಚಬೇಡಿ, ಊದಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಉದುರಿದ ಪುಡಿ ಉಸಿರಿನೊಳಗೆ ಹೋಗುವುದೇ ಅಪಾಯ. ರಿಪೇರಿಗೆ ಕೊಡುವಾಗ ರೇಡಿಯಂ ಇದೆ ಎಂದು ಬಾಯಿಬಿಟ್ಟು ಹೇಳಿ. ಆ ಮನುಷ್ಯನೂ ಉಸಿರಾಡುತ್ತಾನೆ.

ಮುಚ್ಚಳ ತೆಗೆಸಿ

ಬಿಚ್ಚದೆ ಕೊಳ್ಳಬೇಡಿ. ಮಾರಾಟಗಾರ ದೂರದಲ್ಲಿದ್ದರೆ ಯಂತ್ರದ ಫೋಟೊ, ಮುಚ್ಚಳದ ಒಳಮೈ ಫೋಟೊ, ಪಟ್ಟಿ ಬಿಚ್ಚಿದ ಗೂಡಿನ ನಾಲ್ಕು ಬದಿಯ ಫೋಟೊ ಕೇಳಿ. ಕೊಡಲು ನೆಪ ಹೇಳುವವರ ಹತ್ತಿರ ಕೊಳ್ಳದಿರುವುದರಿಂದ ನಾನು ಕಳೆದುಕೊಂಡದ್ದು ಈವರೆಗೆ ಏನೂ ಇಲ್ಲ.

ಒಮೆಗಾ 165.024 (ಸೀಮಾಸ್ಟರ್ 300ರ ಮಾದರಿ ಸಂಖ್ಯೆ) ಒಳಗೆ 552 ಎಂಬ ಯಂತ್ರ ಇರಬೇಕು. ರೋಲೆಕ್ಸ್ 5513 ಸೇನಾ ಮಾದರಿಯಲ್ಲಿ 1520. ಯಂತ್ರದ ಕ್ರಮಸಂಖ್ಯೆಯ ಕಾಲ, ಮುಚ್ಚಳದ ಒಳಗಿನ ಅಚ್ಚಿನ ಕಾಲ, ಹೊರಗೆ ಕೆತ್ತಿದ ವರ್ಷ ಮೂರೂ ಒಂದಕ್ಕೊಂದು ಹೊಂದಬೇಕು. ಯಂತ್ರ ಕೆತ್ತನೆಗಿಂತ ವರ್ಷ ಎರಡು ವರ್ಷ ಹಳೆಯದಾದರೆ ತಪ್ಪಿಲ್ಲ. ಸರಕು ಗೋದಾಮಿನಲ್ಲಿ ಕಾಯುತ್ತದೆ. ಕೆತ್ತನೆಗಿಂತ ಯಂತ್ರ ಹೊಸದಾದರೆ ವಿವರಣೆ ಬೇಕು. ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದ ಸಣ್ಣ ಅಕ್ಷರಗಳು, ತಾರೀಕುಗಳು ಕಂಡರೆ ಸಂತೋಷಪಡಿ. ರಿಪೇರಿ ಮಾಡಿದವರು ಬಿಟ್ಟುಹೋದ ಸಹಿ ಅವು.

ಕಂಪನಿಯೇ ಮೋಸ ಹೋದ ಪ್ರಸಂಗವನ್ನೂ ನೆನಪಿಡಿ. 2021ರಲ್ಲಿ ಜಿನೀವದ ಹರಾಜಿನಲ್ಲಿ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 30 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚು ಬೆಲೆಗೆ ಹೋಯಿತು. ಕೊಂಡದ್ದು ಒಮೆಗಾದ ವಸ್ತುಸಂಗ್ರಹಾಲಯವೇ. 2023ರಲ್ಲಿ ಹೊರಬಿದ್ದದ್ದು, ಅದು ಬೇರೆ ಬೇರೆ ವಾಚುಗಳ ಭಾಗ ಕೂಡಿಸಿ ಕಟ್ಟಿದ್ದು ಎಂದು. ಡೈವಿಂಗ್ ವಾಚಲ್ಲ, ನಿಜ. ಆದರೆ ಪಾಠ ನಮಗೂ ಸಲ್ಲುತ್ತದೆ.

ಕಾಗದದ ಬೇಟೆ

ಇಲ್ಲಿಂದ ಮುಂದೆ ಹಣಕ್ಕಿಂತ ತಾಳ್ಮೆ ಬೇಕು. ನಾನು ಪ್ರತಿ ವಾಚಿಗೂ ಒಂದು ನೋಟ್‌ಬುಕ್ ಇಟ್ಟು, ಪುಟವನ್ನು ಮೂರು ಪಾಲು ಮಾಡುತ್ತೇನೆ. ವಾಚಿನ ಮೇಲೆ ನಾನೇ ಕಂಡದ್ದು ಒಂದು ಪಾಲಿಗೆ. ದಾಖಲೆಯಲ್ಲಿ ಸಿಕ್ಕದ್ದು ಎರಡನೆಯದಕ್ಕೆ. ಯಾರೋ ಹೇಳಿದ್ದು ಮೂರನೆಯದಕ್ಕೆ. 'ಇದು ಫಾಕ್‌ಲ್ಯಾಂಡ್ ಯುದ್ಧದಲ್ಲಿತ್ತು' ಎಂದು ಮಾರಾಟಗಾರ ಹೇಳಿದರೆ ಮೂರನೆಯ ಪಾಲಿನಲ್ಲಿ ಬರೆಯುತ್ತೇನೆ, ತಾರೀಕು ಹಾಕಿ. ಕಥೆಗೆ ಹಣ ಕೊಡುವುದಿಲ್ಲ. ಹತ್ತು ವರ್ಷದಲ್ಲಿ ಮೂರನೆಯ ಪಾಲಿನಿಂದ ಎರಡನೆಯದಕ್ಕೆ ದಾಟಿದ ಮಾತುಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದು.

ಮೊದಲು ತಯಾರಕರ ದಾಖಲೆ. ಒಮೆಗಾ ತನ್ನ ಹಳೆಯ ಖಾತೆಗಳಿಂದ ಪ್ರಮಾಣಪತ್ರ ಕೊಟ್ಟಿರುವ ಕಂಪನಿ; ಯಂತ್ರದ ಸಂಖ್ಯೆ, ಮಾದರಿ, ತಯಾರಾದ ದಿನ, ಯಾವ ದೇಶಕ್ಕೆ ಹೋಯಿತು ಎಂಬಷ್ಟು ಅದರಲ್ಲಿ ಬರುತ್ತದೆ. ಹಳೆಯ ಪ್ರಮಾಣಪತ್ರ ಜೊತೆಗೆ ಬಂದರೆ ಅದರ ಸಂಖ್ಯೆಯನ್ನು ಯಂತ್ರದ ಮೇಲಿನ ಸಂಖ್ಯೆಯೊಂದಿಗೆ ನೀವೇ ತಾಳೆ ನೋಡಿ. ರೋಲೆಕ್ಸ್, ಟ್ಯೂಡರ್ ಇಂಥದ್ದನ್ನು ಕೊಡುವುದಿಲ್ಲ. ಒಂದು ಮಿತಿಯನ್ನೂ ಅರಿತಿರಿ: ಯಾರ ಕೈಗೆ ಕಟ್ಟಿದರು ಎಂಬುದು ಕಾರ್ಖಾನೆಗೆ ಗೊತ್ತಿರುವುದಿಲ್ಲ. 'ಗ್ರೇಟ್ ಬ್ರಿಟನ್‌ಗೆ ಕಳಿಸಿದೆವು' ಎಂಬಲ್ಲಿಗೆ ಅವರ ಜವಾಬ್ದಾರಿ ಮುಗಿಯಿತು.

ಮುಂದಿನದು ಸರ್ಕಾರಿ ದಾಖಲೆ. ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ನೌಕಾ ಇಲಾಖೆಯ ಕಡತಗಳು ಎಡಿಎಂ ಎಂಬ ಸರಣಿಯಲ್ಲೂ ರಕ್ಷಣಾ ಸಚಿವಾಲಯದವು ಡಿಇಎಫ್ಇ ಸರಣಿಯಲ್ಲೂ ಇವೆ. ಸೂಚಿಯನ್ನು ಮನೆಯಲ್ಲೇ ಕುಳಿತು ಹುಡುಕಬಹುದು. ಹುಡುಕುವಾಗ ಕಂಪನಿಯ ಹೆಸರು ಹಾಕಿದರೆ ಹೆಚ್ಚೇನೂ ಬೀಳುವುದಿಲ್ಲ. ಗುಮಾಸ್ತನ ಭಾಷೆಯಲ್ಲಿ ಹುಡುಕಿ: ಮುಳುಗುಗಾರರ ಉಪಕರಣ, ಕೈಗಡಿಯಾರ, ಜಲಾಭೇದ್ಯ, ಪರೀಕ್ಷಾ ವರದಿ. ಫ್ರಾನ್ಸಿನ ಸೇನಾ ದಾಖಲೆಗಳ ಕೇಂದ್ರ ಪ್ಯಾರಿಸ್ ಬಳಿಯ ವಾನ್ಸೆನ್ ಕೋಟೆಯಲ್ಲಿದೆ, ಇಟಲಿಯ ನೌಕಾಪಡೆಯ ಇತಿಹಾಸ ಕಚೇರಿ ರೋಮಿನಲ್ಲಿ. ಅಮೆರಿಕದ ಸೇನಾ ಮಾನಕ ಪತ್ರಗಳು ಪ್ರಕಟವಾದವು. ಬೆನ್ರಸ್ ಕೊಳ್ಳುವವರು ಅದರ ಮಾನಕವನ್ನು ಓದಿಯೇ ಮುಂದುವರಿಯಲಿ. ಬೆನ್ನಿನ ಮೇಲೆ ಯಾವ ಸಾಲಿನ ಕೆಳಗೆ ಯಾವ ಸಾಲು ಬರಬೇಕು ಎಂಬುದೂ ಅಂಥ ಪತ್ರಗಳಲ್ಲಿ ನಿಗದಿಯಾಗಿರುತ್ತದೆ.

ಕೊನೆಗೆ ಮನುಷ್ಯರು. ಬ್ರಿಟನ್, ಆಸ್ಟ್ರೇಲಿಯ, ಅಮೆರಿಕದಲ್ಲಿರುವ ಕನ್ನಡಿಗ ಓದುಗರಿಗೆ ಇಲ್ಲಿ ನಮಗಿಲ್ಲದ ಅನುಕೂಲ ಇದೆ: ನಿವೃತ್ತ ಮುಳುಗುಗಾರರ ಸಂಘಗಳು, ಬಂದರು ಊರಿನ ಸಣ್ಣ ಮ್ಯೂಸಿಯಂಗಳು ಅಲ್ಲಿ ಬಸ್ಸಿನ ದೂರ. ಹಳೆಯ ನೌಕಾ ಮನುಷ್ಯರನ್ನು ಭೇಟಿಯಾದಾಗ ವಾಚಿನ ಬೆಲೆಯ ಮಾತೆತ್ತಬೇಡಿ. ಅದು ಕಿವಿಗೆ ಬಿದ್ದೊಡನೆ ನೆನಪು ತನ್ನಷ್ಟಕ್ಕೆ ಬೆಳೆಯತೊಡಗುತ್ತದೆ. ಅವರ ಬಳಿ ಫೋಟೊ ಇದ್ದರೆ ನೋಡಿ, ಮಣಿಕಟ್ಟನ್ನು ಗಮನಿಸಿ, ಫೋಟೊದ ಹಿಂಬದಿಯಲ್ಲಿ ಬರೆದದ್ದನ್ನೂ ಓದಿ. ಮಾರಾಟಕ್ಕೆ ಬಂದ ವಾಚು ಮಾಜಿ ಸೈನಿಕನದೇ ಎಂದಾದರೆ ಒಂದು ಸಹಿ ಮಾಡಿದ ಪತ್ರ ಕೇಳಿ: ಯಾವಾಗ, ಎಲ್ಲಿ, ಹೇಗೆ ಕೈಸೇರಿತು. ಸೇನೆಯ ವಾಚು ಮೂಲತಃ ಸರ್ಕಾರದ ಆಸ್ತಿ. ಹೆಚ್ಚುವರಿಯೆಂದು ಹರಾಜಾದದ್ದೋ, 'ಸಮುದ್ರದಲ್ಲಿ ಕಳೆಯಿತು' ಎಂದು ಬರೆಸಿ ಜೇಬು ಸೇರಿದ್ದೋ ಎಂಬುದು ಎಲ್ಲರೂ ನಗುತ್ತಲೇ ಹೇಳುವ ಹಳೆಯ ಕಥೆ.

ಕೊಳ್ಳುವ ದಿನ, ಕೊಂಡ ಮೇಲೆ

ವಿದೇಶದಿಂದ ತರಿಸುವಾಗ ನಿಜವಾದ ಬೆಲೆ ನಮೂದಿಸಲು ಹೇಳಿ. ಉಡುಗೊರೆ ಎಂದು ಬರೆದು ಸುಂಕ ಉಳಿಸುವ ಜಾಣತನದಿಂದ ಪೊಟ್ಟಣ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಬಿಡಿಸುವುದು ಕಷ್ಟ. ಕಳೆದುಹೋದರೆ ಪರಿಹಾರವೂ ನಮೂದಿಸಿದ ಬೆಲೆಗೇ. ಸುಂಕವನ್ನು ಮೊದಲೇ ಲೆಕ್ಕ ಹಾಕಿ ವಾಚಿನ ಬೆಲೆಗೆ ಸೇರಿಸಿಕೊಳ್ಳಿ. ವಾಪಸು ಕೊಡುವ ಷರತ್ತು ಬರಹದಲ್ಲಿರಲಿ.

ಬಂದ ವಾಚನ್ನು ನೀರಿಗೆ ಒಯ್ಯಬೇಡಿ. 200 ಮೀಟರ್ ಎಂದು ಬರೆದಿದ್ದರೂ ಅದು ಅರ್ಧ ಶತಮಾನದ ಹಿಂದಿನ ರಬ್ಬರಿನ ಭರವಸೆ. ಮಂಗಳೂರು, ಕಾರವಾರದ ಕಡೆಯವರಿಗಂತೂ ನೀರೇ ಬೇಡ, ಮಳೆಗಾಲದ ಗಾಳಿ ಸಾಕು. ಡಯಲ್ ಮೇಲೆ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ ಇಡಿ, ಪೊಟ್ಟಣವನ್ನು ಆಗಾಗ ಬದಲಿಸಿ. ರೇಡಿಯಂ ವಾಚಾದರೆ ಗಾಳಿಯಾಡದ ಡಬ್ಬಿಯಲ್ಲಿ ರೇಡಾನ್ ಅನಿಲ ಸೇರಿಕೊಳ್ಳುತ್ತದೆ, ಆದ್ದರಿಂದ ಅದನ್ನು ಗಾಳಿ ಓಡಾಡುವ, ಜನ ಕೂರದ ಜಾಗದಲ್ಲಿ ಪ್ರತ್ಯೇಕ ಇಡಿ.

ರಿಪೇರಿಗೆ ಕೊಡುವಾಗ ಒಂದು ಅಪಾಯ ಇದೆ, ಅದು ಒಳ್ಳೆಯ ಮನಸ್ಸಿನಿಂದ ಬರುವಂಥದ್ದು. "ಪಾಲಿಶ್ ಹೊಡೆದು ಹೊಸದರ ಹಾಗೆ ಮಾಡಿಕೊಡುತ್ತೇನೆ ಸರ್, ಅದಕ್ಕೆ ದುಡ್ಡು ಬೇಡ" ಎಂದು ಪೇಟೆಯ ಹಿರಿಯ ರಿಪೇರಿಯವರೊಬ್ಬರು ಪ್ರೀತಿಯಿಂದಲೇ ಹೇಳಿದ್ದರು. ನಾನು ಹೂಂ ಎಂದೆ. ಸಂಜೆ ಹೋಗಿ ನೋಡಿದರೆ ಬೆನ್ನಿನ ಬಾಣ ಅರ್ಧ ಅಳಿಸಿತ್ತು. ತಪ್ಪು ನನ್ನದೇ. ಅಂದಿನಿಂದ ವಾಚಿನ ಜೊತೆ ಒಂದು ಚೀಟಿ ಬರೆದು ಕೊಡುತ್ತೇನೆ: ಯಂತ್ರ ಬಿಚ್ಚಿ ತೊಳೆದು ಎಣ್ಣೆ ಹಾಕಿ, ಗೂಡಿಗೆ, ಡಯಲಿಗೆ, ಮುಳ್ಳಿಗೆ ಕೈ ಹಚ್ಚಬೇಡಿ, ಬದಲಿಸಿದ ಪ್ರತಿಯೊಂದು ಹಳೆಯ ಭಾಗವನ್ನೂ ಈ ಪೊಟ್ಟಣದಲ್ಲಿ ಹಾಕಿ ಹಿಂದಿರುಗಿಸಿ. ಪೊಟ್ಟಣವನ್ನೂ ನಾನೇ ಕೊಡುತ್ತೇನೆ, ಮೇಲೆ ವಾಚಿನ ಸಂಖ್ಯೆ ಬರೆದು.